ಗಿಳಿಯ ಮಾತು ಪ್ರಮಾಣವೇ?

ಮಾಧವೀಯ ಶಂಕರದಿಗ್ವಿಜಯದಲ್ಲಿ ಒಂದು ಪ್ರಸಂಗವಿದೆ. ಮಂಡನಮಿಶ್ರರೊಡನೆ ವಾದ ಮಾಡಲೆಂದು ಮಾಹಿಷ್ಮತಿಗೆ ಬಂದ ಶಂಕರರು, ನೀರಿಗೆ ಹೊರಟಿದ್ದ ಹೆಂಗಸರನ್ನು ಅವರ ಮನೆ ಎಲ್ಲಿ ಎಂದು ಕೇಳುತ್ತಾರೆ. ಹೆಂಗಸರು ಬೀದಿಯ ಹೆಸರು ಹೇಳುವುದಿಲ್ಲ, ಗುಡಿಯ ಗುರುತು ಕೊಡುವುದಿಲ್ಲ. ಯಾವ ಮನೆಯ ಬಾಗಿಲಲ್ಲಿ ಪಂಜರದ ಗಿಳಿಗಳು ಜ್ಞಾನಕ್ಕೆ ಪ್ರಾಮಾಣ್ಯ ತನ್ನಿಂದಲೇ ಬರುತ್ತದೆಯೋ ಹೊರಗಿನಿಂದ ಬರುತ್ತದೆಯೋ ಎಂದು ಚರ್ಚೆ ನಡೆಸಿರುತ್ತವೆಯೋ ಅದೇ ಮಂಡನರ ಮನೆ ಎನ್ನುತ್ತಾರೆ.

ಈ ಕಥೆಯನ್ನು ನಾವು ಹೊಗಳಿಕೆಯಾಗಿ ಕೇಳಿಕೊಂಡು ಬಂದಿದ್ದೇವೆ. ಸಾಕಿದ ಗಿಳಿಗೇ ಇಷ್ಟು ಪಾಂಡಿತ್ಯವಿದ್ದರೆ ಮನೆಯ ಯಜಮಾನರಿಗೆ ಎಷ್ಟಿರಬೇಡ ಎಂಬುದು ಅದರ ಸ್ವಾರಸ್ಯ. ಆದರೆ ಕಥೆಯೊಳಗೆ ಇನ್ನೊಂದು ಪ್ರಶ್ನೆ ಕುಳಿತಿದೆ. ದಾರಿಯಲ್ಲಿ ಹೋಗುವ ಒಬ್ಬ ವಿದ್ಯಾರ್ಥಿ ಆ ಜಗಲಿಯ ಬಳಿ ನಿಂತು, ಗಿಳಿಗಳ ಬಾಯಿಂದಲೇ ಮೀಮಾಂಸೆಯ ಒಂದು ಸಿದ್ಧಾಂತವನ್ನು ಕೇಳಿ ಕಲಿತುಕೊಂಡ ಎನ್ನೋಣ. ಅವನಿಗೆ ಬಂದದ್ದು ಜ್ಞಾನವೇ? ಹೌದಾದರೆ ಅದನ್ನು ಕೊಟ್ಟವರು ಯಾರು, ಗಿಳಿಯೋ ಮಂಡನರೋ? ಗಿಳಿ ಒಂದು ಶಬ್ದವನ್ನು ತಪ್ಪಾಗಿ ನುಡಿದು, ಹುಡುಗ ತಪ್ಪನ್ನೇ ಕಲಿತಿದ್ದರೆ ಯಾರನ್ನು ದೂರಬೇಕು?

ಹತ್ತು ವರ್ಷದ ಹಿಂದೆ ಇದು ಪಾಠಶಾಲೆಯ ಕಾಲಹರಣದ ಪ್ರಶ್ನೆಯಾಗಿ ಕಾಣುತ್ತಿತ್ತು. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಹೊರಬಂದ ಮೇಲೆ ಅದು ಎಲ್ಲರ ಮನೆಯ ಪ್ರಶ್ನೆಯಾಯಿತು. ಮಗಳ ಶಾಲೆಯ ಪ್ರಬಂಧ, ಅಪ್ಪನ ರಕ್ತಪರೀಕ್ಷೆಯ ವರದಿಯ ಅರ್ಥ, ಜಮೀನಿನ ತಕರಾರಿಗೆ ಕಾನೂನು ಸಲಹೆ ಎಲ್ಲವನ್ನೂ ಜನ ಈಗ ಯಂತ್ರವನ್ನು ಕೇಳುತ್ತಾರೆ. ಅದು ಕನ್ನಡದಲ್ಲೇ, ತಡವರಿಸದೆ ಉತ್ತರಿಸುತ್ತದೆ.

ಇಂಥ ಕಾಲದಲ್ಲಿ ತತ್ತ್ವಶಾಸ್ತ್ರ ಓದುವುದರಿಂದ ಏನು ಪ್ರಯೋಜನ ಎಂಬುದು ಇಂದಿನ ನನ್ನ ವಿಷಯ. ಯಂತ್ರಕ್ಕೆ ಹೃದಯವಿಲ್ಲ, ಮನುಷ್ಯನಿಗಿದೆ, ಆದ್ದರಿಂದ ತತ್ತ್ವಶಾಸ್ತ್ರ ಬೇಕು ಎಂಬ ಮಾತನ್ನು ನೀವು ಸಾಕಷ್ಟು ಕೇಳಿರುತ್ತೀರಿ. ಅದು ಸಭೆಯಲ್ಲಿ ಚಪ್ಪಾಳೆ ತರುವ ಮಾತು, ಅಷ್ಟೆ. ನಾನು ಹೇಳಬೇಕೆಂದಿರುವುದು ಇನ್ನೂ ಚಿಕ್ಕದು, ಇನ್ನೂ ಒರಟು. ಎದುರಿಗೆ ಬಂದ ಒಂದು ವಾಕ್ಯವನ್ನು ಯಾವ ಆಧಾರದ ಮೇಲೆ ಒಪ್ಪಬೇಕು ಎಂಬುದನ್ನು ಕ್ರಮವಾಗಿ ವಿಚಾರಿಸುವ ಶಾಸ್ತ್ರ ಇದೊಂದೇ. ನಮ್ಮವರು ಅದನ್ನು ಪ್ರಮಾಣವಿಚಾರ ಎಂದು ಕರೆದು, ಸಾವಿರಕ್ಕೂ ಹೆಚ್ಚು ವರ್ಷ ಅದರ ಮೇಲೆ ಜಗಳವಾಡಿದ್ದಾರೆ. ಆ ಜಗಳದ ಫಲ ಈಗ ನಮ್ಮ ಕೈಗೆ ಬರಬೇಕಾಗಿದೆ.

ಮೊದಲು ಯಂತ್ರದ ವಿಚಾರ. ಭಾಷೆಯ ಈ ಯಂತ್ರಗಳು ಮಾಡುವ ಮೂಲ ಕೆಲಸ ಒಂದೇ. ಅಪಾರವಾದ ಬರಹವನ್ನು ಓದಿಸಿಕೊಂಡು, ಇಷ್ಟು ಪದಗಳಾದ ಮೇಲೆ ಮುಂದಿನ ಪದ ಯಾವುದಿರಬಹುದು ಎಂದು ಊಹಿಸುವುದನ್ನು ಅವು ಕಲಿಯುತ್ತವೆ. ಆಮೇಲೆ ಮನುಷ್ಯರು ಮೆಚ್ಚುವ ಉತ್ತರ ಯಾವುದು, ಮೆಚ್ಚದ್ದು ಯಾವುದು ಎಂದು ತೋರಿಸಿ ತಿದ್ದುತ್ತಾರೆ. ನ್ಯಾಯಶಾಸ್ತ್ರ ಓದಿದವರಿಗೆ ಇದನ್ನು ಕೇಳಿದ ಕೂಡಲೇ ಒಂದು ಹಳೆಯ ಪಟ್ಟಿ ನೆನಪಾಗುತ್ತದೆ. ವಾಕ್ಯದಿಂದ ಅರ್ಥ ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಬೇಕು ಎನ್ನುತ್ತಾರೆ ಅವರು. ಒಂದು ಪದ ಇನ್ನೊಂದನ್ನು ಬಯಸುವುದು ಆಕಾಂಕ್ಷೆ. 'ಹಸುವನ್ನು' ಎಂದು ನಿಲ್ಲಿಸಿದರೆ ಕೇಳುವವನ ಮನಸ್ಸು 'ಕಟ್ಟು', 'ಕರೆ', 'ಹೊಡೆ' ಎಂಬ ಯಾವುದೋ ಕ್ರಿಯೆಗೆ ಕಾಯುತ್ತದೆ. ಪದಗಳ ಅರ್ಥಗಳು ಒಂದಕ್ಕೊಂದು ಕೂಡುವಂತಿರುವುದು ಯೋಗ್ಯತೆ. ಬೆಂಕಿಯಿಂದ ಗಿಡಕ್ಕೆ ನೀರೆರೆದ ಎಂದರೆ ಅದಿಲ್ಲ. ಪದಗಳು ಹತ್ತಿರ ಹತ್ತಿರ ಇರುವುದು ಸನ್ನಿಧಿ. ಈ ಮೂರರಲ್ಲಿ ನಮ್ಮ ಯಂತ್ರ ಪಂಡಿತರನ್ನೂ ಮೀರಿಸಿದೆ. ಆಕಾಂಕ್ಷೆಯನ್ನೇ ಗಣಿತ ಮಾಡಿಕೊಂಡ ಜೀವಿ ಅದು, ಜೀವಿ ಎನ್ನಬಹುದಾದರೆ. ಆದರೆ ಪಟ್ಟಿಯಲ್ಲಿ ನಾಲ್ಕನೆಯದೊಂದಿದೆ, ತಾತ್ಪರ್ಯ. ಮಾತಾಡಿದವನು ಏನನ್ನು ತಿಳಿಸಬೇಕೆಂದು ಬಯಸಿದ ಎಂಬುದು. ಊಟಕ್ಕೆ ಕೂತವನು ಸೈಂಧವ ತಾ ಎಂದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಎಂದರೆ ಕುದುರೆ. ಇಲ್ಲಿ ಬಂದು ಯಂತ್ರದ ವಿಚಾರ ಬಿಗಿಯಾಗುತ್ತದೆ.

ಈ ಗಂಟು ನಮ್ಮವರಿಗೆ ಹೊಸದಲ್ಲ. ಹದಿನೇಳನೆಯ ಶತಮಾನದ ವಿಶ್ವನಾಥ ಪಂಚಾನನರ ಸಿದ್ಧಾಂತಮುಕ್ತಾವಳಿಯನ್ನು ಸಂಸ್ಕೃತ ಪಾಠಶಾಲೆಗಳಲ್ಲಿ ನ್ಯಾಯದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಅದರಲ್ಲಿ ತಾತ್ಪರ್ಯದ ಚರ್ಚೆಯ ನಡುವೆ ಗಿಳಿ ಬರುತ್ತದೆ. ಗಿಳಿಗೆ ತಾತ್ಪರ್ಯವಿಲ್ಲ, ಆದರೂ ಅದು ನುಡಿದ ವಾಕ್ಯದಿಂದ ನಮಗೆ ಅರ್ಥವಾಗುತ್ತದಲ್ಲ, ಹೇಗೆ? ವಿಶ್ವನಾಥರ ಉತ್ತರ ಎರಡು ಭಾಗದ್ದು. ಗಿಳಿಯ ಮಾತು ನಿಜವಾಗಿದ್ದರೆ ಅಲ್ಲಿ ಈಶ್ವರನ ತಾತ್ಪರ್ಯವನ್ನು ಇಟ್ಟುಕೊಳ್ಳಿ. ಸುಳ್ಳಾಗಿದ್ದರೆ ಕಲಿಸಿದವನ ತಾತ್ಪರ್ಯವನ್ನು ಇಟ್ಟುಕೊಳ್ಳಿ. ಮೊದಲ ಭಾಗವನ್ನು ಒಪ್ಪುವುದು ಬಿಡುವುದು ನಿಮ್ಮ ನಿಮ್ಮ ನಂಬಿಕೆ. ಎರಡನೆಯ ಭಾಗವನ್ನು ಮಾತ್ರ ನಮ್ಮ ಶಾಸನಸಭೆಗಳು ಗೋಡೆಗೆ ಬರೆಸಬೇಕು. ಗಿಳಿ ಸುಳ್ಳು ಹೇಳಿದರೆ ಹೊಣೆ ಗಿಳಿಯದಲ್ಲ, ಗಿಳಿಗೆ ಕಲಿಸಿದವನದು. ಯಂತ್ರ ಹಾಗೆ ಹೇಳಿತು, ನಾವೇನು ಮಾಡೋಣ ಎಂದು ಕಂಪನಿಗಳೂ ಕಚೇರಿಗಳೂ ಕೈತೊಳೆದುಕೊಳ್ಳುವುದನ್ನು ನೋಡಿದಾಗಲೆಲ್ಲ ಮುಕ್ತಾವಳಿಯ ಆ ಸಾಲು ನನಗೆ ನೆನಪಾಗುತ್ತದೆ.

2021ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಎಮಿಲಿ ಬೆಂಡರ್ ಮತ್ತು ಅವರ ಜತೆಗಾರರು ಬರೆದ ಪ್ರಬಂಧವೊಂದು ಈ ಯಂತ್ರಗಳನ್ನು ಸ್ಟೊಕ್ಯಾಸ್ಟಿಕ್ ಗಿಳಿಗಳು ಎಂದು ಕರೆದು ದೊಡ್ಡ ಗದ್ದಲ ಎಬ್ಬಿಸಿತು. ಸಂಭವನೀಯತೆಯ ಲೆಕ್ಕದಲ್ಲಿ ಮಾತಾಡುವ ಗಿಳಿಗಳು ಎಂದಿಟ್ಟುಕೊಳ್ಳಿ. ಅವರಿಗೆ ಮುಕ್ತಾವಳಿ ಗೊತ್ತಿರಲಾರದು, ಗೊತ್ತಿರಬೇಕಾಗಿಯೂ ಇಲ್ಲ. ನನಗೆ ಆ ಹೋಲಿಕೆಯಲ್ಲಿ ಪೂರ್ಣ ಸಮಾಧಾನವಿಲ್ಲ. ಗಿಳಿ ಕೇಳಿದ್ದನ್ನೇ ಮರಳಿ ನುಡಿಯುತ್ತದೆ. ಯಂತ್ರ ಎಲ್ಲೂ ಯಾರೂ ಬರೆಯದ ವಾಕ್ಯವನ್ನೂ ಕಟ್ಟುತ್ತದೆ. ಕೆಲವೊಮ್ಮೆ ಅದು ಸರಿಯಾಗಿರುತ್ತದೆ, ಕೆಲವೊಮ್ಮೆ ಇಲ್ಲದ ಊರಿಗೆ ದಾರಿ ತೋರಿಸುತ್ತದೆ.

ಇಲ್ಲದ ಊರಿನ ದಾರಿ ಹಿಡಿದವರು ನ್ಯಾಯಾಲಯದಲ್ಲೇ ಸಿಕ್ಕಿದ್ದಾರೆ. ನ್ಯೂಯಾರ್ಕಿನಲ್ಲಿ ವಿಮಾನ ಕಂಪನಿಯೊಂದರ ಮೇಲಿನ ದಾವೆಯಲ್ಲಿ ವಕೀಲರು ಚಾಟ್‌ಜಿಪಿಟಿಯನ್ನು ಕೇಳಿ ಹಿಂದಿನ ತೀರ್ಪುಗಳನ್ನು ಉಲ್ಲೇಖಿಸಿದರು. ಪ್ರಕರಣದ ಹೆಸರು, ನ್ಯಾಯಾಧೀಶರ ಹೆಸರು, ಪುಟಸಂಖ್ಯೆ ಎಲ್ಲ ಇದ್ದವು, ತೀರ್ಪುಗಳು ಮಾತ್ರ ಇರಲಿಲ್ಲ. ಒಬ್ಬ ವಕೀಲರು, ಈ ಪ್ರಕರಣ ನಿಜವಾದದ್ದೇ ಎಂದು ಯಂತ್ರವನ್ನೇ ಕೇಳಿದ್ದರಂತೆ. ಯಂತ್ರ ಹೌದು ಎಂದಿತ್ತು. 2023ರ ಜೂನ್‌ನಲ್ಲಿ ಅವರಿಗೆ 5,000 ಡಾಲರ್ ದಂಡ ಬಿತ್ತು. ದೂರದ ಮಾತು ಎಂದು ನಗಬೇಡಿ. 2025ರಲ್ಲಿ ನಮ್ಮ ಬೆಂಗಳೂರಿನ ಒಂದು ಸಿವಿಲ್ ನ್ಯಾಯಾಲಯದ ಆದೇಶದಲ್ಲೇ ಅಸ್ತಿತ್ವದಲ್ಲಿಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳ ಉಲ್ಲೇಖ ಕಾಣಿಸಿಕೊಂಡು, ಹೈಕೋರ್ಟ್ ಅದರ ಬಗ್ಗೆ ಕ್ರಮಕ್ಕೆ ಸೂಚಿಸಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ ಎಂಬ ನಮ್ಮ ಗಾದೆ ಓದುಬರಹ ಇಲ್ಲದವರನ್ನು ಕುರಿತದ್ದೆಂದು ತಿಳಿದಿದ್ದೆವು. ಕರಿಕೋಟಿನವರಿಗೂ ಅದು ಸಲ್ಲುತ್ತದೆ.

ನ್ಯೂಯಾರ್ಕಿನ ಆ ವಕೀಲರಿಗೆ ಬುದ್ಧಿ ಕಡಿಮೆಯಿರಲಿಲ್ಲ. ಮೂವತ್ತು ವರ್ಷದ ಅನುಭವವಿತ್ತು. ಅವರಲ್ಲಿ ಇಲ್ಲದೆ ಹೋದದ್ದು ಶಬ್ದಪ್ರಮಾಣದ ವಿವೇಕ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಹೇಳುತ್ತಾರೆ. ಬೇರೆಯವರ ಮಾತಿನಿಂದ ತಿಳಿಯುವುದು ಶಬ್ದ. ನಾವು ತಿಳಿದಿರುವುದರಲ್ಲಿ ಮುಕ್ಕಾಲು ಪಾಲು ಅದೇ. ನಾನು ಹುಟ್ಟಿದ ದಿನ ನನಗೆ ಗೊತ್ತಾದದ್ದು ಅಮ್ಮನ ಮಾತಿನಿಂದ. ಈಗ ನೀವು ರೇಡಿಯೋ ಕೇಳುತ್ತಿದ್ದೀರಿ, ನನ್ನ ಮುಖ ಕಂಡಿಲ್ಲ, ಆದರೂ ಕಿವಿಗೊಟ್ಟಿದ್ದೀರಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆಕಾಶವಾಣಿ ಎಂಬ ಪ್ರಸಾರಕೇಂದ್ರ ತೆರೆದ ಎಂ. ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕಾಣದ ಬಾಯಿಯ ಮಾತನ್ನು ಜನ ನಂಬುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿರಬೇಕು. ಹಾಗಾದರೆ ಯಾರ ಮಾತನ್ನು ನಂಬಬಹುದು? ಆಪ್ತನ ಮಾತನ್ನು. ಆಪ್ತ ಎಂದರೆ ನೆಂಟನೋ ಇಷ್ಟನೋ ಅಲ್ಲ. ಸುಮಾರು ಐದನೆಯ ಶತಮಾನದ ಭಾಷ್ಯಕಾರ ವಾತ್ಸ್ಯಾಯನರ ಪ್ರಕಾರ ಆಪ್ತನಿಗೆ ಎರಡು ಗುಣ ಬೇಕು. ಅವನು ಆ ವಿಷಯವನ್ನು ತಾನೇ ನೇರವಾಗಿ ತಿಳಿದಿರಬೇಕು. ತಿಳಿದದ್ದನ್ನು ಹಾಗೆಯೇ ತಿಳಿಸುವ ಬಯಕೆ ಅವನಿಗಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವರು ಸೇರಿಸುತ್ತಾರೆ. ಎಷ್ಟು ಧೈರ್ಯದ ಮಾತು! ಜಾತಿ ಕುಲ ಕೇಳಬೇಡ, ಬಲ್ಲನೇ ಕೇಳು, ಬಲ್ಲದ್ದನ್ನು ಮುಚ್ಚಿಡದೆ ಹೇಳುವವನೇ ಕೇಳು.

ಯಂತ್ರವನ್ನು ಈ ಎರಡು ಮಾತಿನ ಮುಂದೆ ನಿಲ್ಲಿಸಿ. ಅದು ನೇರವಾಗಿ ಏನನ್ನೂ ಕಂಡಿಲ್ಲ, ಕಂಡವರ ಬರಹವನ್ನೂ ಕಾಣದವರ ಬರಹವನ್ನೂ ಕಲಸಿಕೊಂಡಿದೆ. ಇದ್ದದ್ದನ್ನು ಇದ್ದ ಹಾಗೆ ತಿಳಿಸಬೇಕೆಂಬ ಬಯಕೆ ಅದಕ್ಕಿದೆ ಎನ್ನಲು ನಮಗೆ ಆಧಾರವಿಲ್ಲ. ಆದ್ದರಿಂದ ಯಂತ್ರದ ಮಾತು ಆಪ್ತವಾಕ್ಯವಲ್ಲ. ಹಾಗೆಂದ ಮಾತ್ರಕ್ಕೆ ಅದು ಕಸ ಎಂದೂ ಅಲ್ಲ. ಆಪ್ತನಲ್ಲದವನ ಬಾಯಿಂದ ಒಂದು ಸುಳಿವು ಬಂದರೆ ಅದನ್ನು ಹಿಡಿದು ಹೋಗಿ ನೋಡಬಹುದು; ಅದನ್ನೇ ಸಾಕ್ಷಿ ಎನ್ನುವಂತಿಲ್ಲ. ಆ ವಕೀಲರು ತೀರ್ಪುಗಳ ಸಂಪುಟ ತೆರೆದು ನೋಡಿದ್ದರೆ ಎಲ್ಲ ಮುಗಿಯುತ್ತಿತ್ತು.

ಇಲ್ಲಿ ಮೀಮಾಂಸಕರು ಒಂದು ಕುತೂಹಲದ ತಕರಾರು ತೆಗೆಯಬಹುದು. ಅವರಿಗೆ ವೇದ ಅಪೌರುಷೇಯ, ಯಾರೂ ರಚಿಸಿದ್ದಲ್ಲ. ಮಾತಿನಲ್ಲಿ ದೋಷ ಬರುವುದು ಮಾತಾಡುವವನ ಅಜ್ಞಾನದಿಂದ, ಆಸೆಯಿಂದ, ಮೋಸದಿಂದ. ಮಾತಾಡುವವನೇ ಇಲ್ಲದಿದ್ದರೆ ದೋಷಕ್ಕೆ ನೆಲೆಯೇ ಇಲ್ಲ ಎಂದು ಕುಮಾರಿಲಭಟ್ಟರು ವಾದಿಸಿದರು. ಹಾಗಾದರೆ ಯಂತ್ರದ ಮಾತಿಗೂ ಕರ್ತೃವಿಲ್ಲವಲ್ಲ, ಅದೂ ನಿರ್ದುಷ್ಟವೇ? ನಗಬೇಡಿ, ಕಂಪ್ಯೂಟರ್ ಹೇಳಿತು ಎಂದ ಕೂಡಲೇ ಪಕ್ಷಪಾತವಿಲ್ಲದ ಮಾತು ಎಂದು ತಲೆಬಾಗುವವರ ಮನಸ್ಸಿನಲ್ಲಿರುವುದು ಇದೇ ತರ್ಕ. ಮನುಷ್ಯನ ಕೈ ಸೋಕಿಲ್ಲ, ಆದ್ದರಿಂದ ಶುದ್ಧ. ಆದರೆ ಯಂತ್ರದ ಮಾತು ಕರ್ತೃ ಇಲ್ಲದ್ದಲ್ಲ. ಕೋಟ್ಯಂತರ ಕರ್ತೃಗಳು ಅದರೊಳಗೆ ಹೆಸರಿಲ್ಲದೆ ಅಡಗಿದ್ದಾರೆ. ಅವರ ಅಜ್ಞಾನ, ಆಸೆ, ಮೋಸಗಳೂ ಜತೆಗೇ ಅಡಗಿವೆ. ನೈಯಾಯಿಕರು ಮೀಮಾಂಸಕರಿಗೆ ಕೊಟ್ಟ ಉತ್ತರವೂ ಇಲ್ಲಿ ನಾಟುತ್ತದೆ. ಹೇಳುವವನಿಲ್ಲದಿದ್ದರೆ ದೋಷ ಮಾತ್ರವಲ್ಲ, ಗುಣವೂ ಇರುವುದಿಲ್ಲ. ಮಾತು ಸತ್ಯವಾಗುವುದು ಹೇಳಿದವನ ಗುಣದಿಂದ.

ಇನ್ನು ಮಂಡನರ ಮನೆಯ ಚರ್ಚೆಯ ವಸ್ತುವಿಗೆ ಬರೋಣ. ಒಂದು ಅರಿವು ಬಂದಾಗ ಅದನ್ನು ಸುಳ್ಳೆಂದು ತೋರುವವರೆಗೆ ನಂಬಬೇಕು, ಅದಕ್ಕೆ ಬೇರೆ ಸಾಕ್ಷಿ ಬೇಡ ಎನ್ನುವುದು ಸ್ವತಃಪ್ರಾಮಾಣ್ಯ, ಮೀಮಾಂಸಕರ ಪಕ್ಷ. ಪ್ರತಿ ಅರಿವಿಗೂ ಸಾಕ್ಷಿ ಬೇಕೆಂದರೆ ಆ ಸಾಕ್ಷಿಗೆ ಇನ್ನೊಂದು ಸಾಕ್ಷಿ ಬೇಕು, ಅದಕ್ಕೆ ಮತ್ತೊಂದು, ಕೊನೆಯೇ ಇಲ್ಲ. ನೈಯಾಯಿಕರದು ಪರತಃಪ್ರಾಮಾಣ್ಯ. ದೂರದಲ್ಲಿ ನೀರು ಕಂಡಿತು. ಹೋಗಿ ಕುಡಿದು ದಾಹ ತೀರಿದಾಗಲೇ ಕಂಡದ್ದು ನೀರು, ಬಿಸಿಲುಗುದುರೆಯಲ್ಲ ಎಂದು ನಿಶ್ಚಯ. ಈ ಎರಡರಲ್ಲಿ ಯಾವುದು ಸರಿ ಎಂದು ನಾನಿಲ್ಲಿ ತೀರ್ಮಾನಿಸಲಾರೆ. ಆದರೆ ನಡೆಗೆ ಒಂದು ಸೂತ್ರ ಹೇಳಬಲ್ಲೆ. ಮನುಷ್ಯರ ಮಾತಿಗೆ ಮೀಮಾಂಸಕರಾಗಿ, ಯಂತ್ರದ ಮಾತಿಗೆ ನೈಯಾಯಿಕರಾಗಿ. ಬಸ್‌ಸ್ಟ್ಯಾಂಡಿನಲ್ಲಿ ದಾರಿ ಹೇಳಿದವನನ್ನೂ ಅನುಮಾನಿಸುತ್ತಾ ಕೂತರೆ ಬದುಕು ಸಾಗದು. ಅವನು ಸುಳ್ಳು ಹೇಳಿದರೆ ಕಣ್ಣು ತಪ್ಪಿಸಬಹುದು, ಗೊತ್ತಿಲ್ಲದಿದ್ದರೆ ಧ್ವನಿ ತಗ್ಗಬಹುದು, ಸಿಕ್ಕಿಬಿದ್ದರೆ ನಾಚಿಕೆಯಾಗುತ್ತದೆ. ಯಂತ್ರ ಬಲ್ಲದ್ದನ್ನೂ ಅರಿಯದ್ದನ್ನೂ ಒಂದೇ ನುಣುಪಿನಲ್ಲಿ ಹೇಳುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ನಮ್ಮ ಹಿರಿಯರು ಇದಕ್ಕೆ ಏನೆನ್ನುತ್ತಿದ್ದರೋ.

ಮಂಡನರ ಕಥೆಗೆ ಒಂದು ಬಾಲವಿದೆ, ಅದು ನಮ್ಮ ಮೈಸೂರಿಗೆ ಸಂಬಂಧಪಟ್ಟದ್ದು. ವಾದದಲ್ಲಿ ಸೋತ ಮಂಡನರೇ ಸುರೇಶ್ವರಾಚಾರ್ಯರಾಗಿ ಶೃಂಗೇರಿಯ ಪೀಠವೇರಿದರು ಎಂಬುದು ಸಂಪ್ರದಾಯ. ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಎಂ. ಹಿರಿಯಣ್ಣನವರು ಇಬ್ಬರ ಗ್ರಂಥಗಳನ್ನೂ ಅಕ್ಕಪಕ್ಕ ಇಟ್ಟು ಓದಿದರು. ಇಬ್ಬರ ಸಿದ್ಧಾಂತಗಳು ಮುಖ್ಯ ಸ್ಥಳಗಳಲ್ಲೇ ಹೊಂದುವುದಿಲ್ಲ ಎಂದು ತೋರಿಸಿ, ಇವರು ಬೇರೆ ಬೇರೆ ವ್ಯಕ್ತಿಗಳು ಎಂದು ಬರೆದರು. ಸಂಪ್ರದಾಯದ ಬಗ್ಗೆ ಅವರಿಗೆ ತಾತ್ಸಾರವಿರಲಿಲ್ಲ. ಸುರೇಶ್ವರರ ನೈಷ್ಕರ್ಮ್ಯಸಿದ್ಧಿಯನ್ನು ಸಂಪಾದಿಸಿದವರೇ ಅವರು. ಮೈಸೂರು ವಿಶ್ವವಿದ್ಯಾನಿಲಯದ ಪಾಠಗಳಿಂದಲೇ ಬೆಳೆದ ಅವರ ಭಾರತೀಯ ದರ್ಶನಗಳ ಪುಸ್ತಕ 1932ರಲ್ಲಿ ಲಂಡನ್ನಿನಿಂದ ಹೊರಬಂದು ಇಂದಿಗೂ ಅಚ್ಚಿನಲ್ಲಿದೆ. ಎಲ್ಲರೂ ಹೇಳುವ ಮಾತನ್ನು ಗೌರವ ಬಿಡದೆ ಪರೀಕ್ಷಿಸುವ ಆ ಶಿಸ್ತು ಒಂದು ಪದವಿಯ ಅಂಕಪಟ್ಟಿಯಲ್ಲಿ ಕಾಣುವಂಥದಲ್ಲ.

ಶಬ್ದದ ಮಾತು ಸಾಕು. ಅನುಮಾನಪ್ರಮಾಣದಲ್ಲೂ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯುವುದರಲ್ಲೂ, ನಮಗೆ ದೊಡ್ಡ ಪಾಠವಿದೆ, ಮತ್ತು ಇಲ್ಲಿ ಪ್ರಾಣದ ಪ್ರಶ್ನೆಯೇ ಬರುತ್ತದೆ. ಯಂತ್ರ ಉದಾಹರಣೆಗಳಿಂದ ಕಲಿಯುತ್ತದೆ. ಸಾವಿರ ಕಡೆ ಇದರ ಜತೆ ಅದು ಕಂಡರೆ, ಮುಂದೆಯೂ ಹಾಗೆಯೇ ಎಂದು ಊಹಿಸುತ್ತದೆ. ಇದು ವ್ಯಾಪ್ತಿ, ಹೊಗೆಯಿದ್ದಲ್ಲಿ ಬೆಂಕಿ. ಎಷ್ಟು ಸಲ ಕಂಡರೆ ವ್ಯಾಪ್ತಿ ಖಚಿತವಾಗುತ್ತದೆ ಎಂದು ಚಾರ್ವಾಕರು ಕೇಳಿದರು, ಯಾರಿಗೂ ಸುಲಭವಾಗಿ ಉತ್ತರಿಸಲಾಗಲಿಲ್ಲ. ಹೊಗೆಯಿದ್ದಲ್ಲಿ ಬೆಂಕಿ ಸರಿ. ಬೆಂಕಿಯಿದ್ದಲ್ಲಿ ಹೊಗೆ? ಅಡುಗೆಮನೆಯಲ್ಲಿ ನೂರು ಸಲ ಕಂಡಿದ್ದರೂ ಅದು ತಪ್ಪು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ಕಾರಣ ಹಸಿಸೌದೆ. ಅದು ನಮ್ಮ ಕಣ್ಣಿಗೆ ಬೀಳದೆ ನಡುವೆ ನಿಂತಿತ್ತು. ಇಂಥದ್ದಕ್ಕೆ ಉಪಾಧಿ ಎಂದು ಹೆಸರು.

1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ನ್ಯುಮೋನಿಯಾ ರೋಗಿಗಳ ದಾಖಲೆಗಳನ್ನು ಕಂಪ್ಯೂಟರಿಗೆ ಕೊಟ್ಟು, ಯಾರಿಗೆ ಸಾವಿನ ಅಪಾಯ ಹೆಚ್ಚು, ಯಾರನ್ನು ಮನೆಗೆ ಕಳಿಸಬಹುದು ಎಂದು ಕಲಿಸಲು ಹೊರಟರು. ಕಂಪ್ಯೂಟರ್ ಕಲಿತ ನಿಯಮಗಳಲ್ಲಿ ಒಂದು ಹೀಗಿತ್ತು: ಆಸ್ತಮಾ ಇರುವವರಿಗೆ ನ್ಯುಮೋನಿಯಾ ಬಂದರೆ ಅಪಾಯ ಕಡಿಮೆ. ಯಾವ ಹಳ್ಳಿಯ ಡಾಕ್ಟರೂ ಒಪ್ಪದ ಮಾತು. ಆದರೆ ದಾಖಲೆಗಳು ಅದನ್ನೇ ಹೇಳುತ್ತಿದ್ದವು, ಆಸ್ತಮಾ ಇದ್ದವರು ನಿಜವಾಗಿಯೂ ಕಡಿಮೆ ಸತ್ತಿದ್ದರು. ಏಕೆಂದರೆ ಅವರು ಬಂದ ಕೂಡಲೇ ವೈದ್ಯರು ಹೆದರಿ ನೇರವಾಗಿ ತೀವ್ರನಿಗಾ ಘಟಕಕ್ಕೆ ಸೇರಿಸುತ್ತಿದ್ದರು. ಆ ಆರೈಕೆಯೇ ಇಲ್ಲಿನ ಹಸಿಸೌದೆ. ಯಂತ್ರದ ಮಾತು ನಂಬಿ ಆಸ್ತಮಾದವರನ್ನು ಮನೆಗೆ ಕಳಿಸಿದ್ದರೆ ಎಷ್ಟು ಜನ ಉಳಿಯುತ್ತಿದ್ದರು? ಸಂಶೋಧಕರು ಎಚ್ಚರವಾಗಿದ್ದರು. ಎಲ್ಲಕ್ಕಿಂತ ನಿಖರವಾಗಿದ್ದ ಮಾದರಿ ಇನ್ನೂ ಇಂಥ ಏನೇನು ಕಲಿತಿದೆಯೋ ಒಳಗೆ ನೋಡಲಾಗದು ಎಂದು ಅದನ್ನು ರೋಗಿಗಳ ಮೇಲೆ ಬಳಸಲಿಲ್ಲ. ನಿಖರತೆಯ ಅಂಕ ಮುಂದಿದ್ದರೂ ಕಾರಣ ಗೊತ್ತಿಲ್ಲ ಎಂದು ನಿಲ್ಲಿಸುವ ಆ ಮನಸ್ಸು ತಾರ್ಕಿಕನದು. ಅಂಥ ಮನಸ್ಸು ತಾನಾಗಿ ಹುಟ್ಟುವುದಿಲ್ಲ, ಪಳಗಿಸಬೇಕು.

ಇನ್ನೊಂದು ಬಗೆಯ ಪ್ರಶ್ನೆಯೂ ಇದೆ, ಅಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ. ಆರೋಪಿ ಮತ್ತೆ ಅಪರಾಧ ಮಾಡುವನೇ ಎಂದು ಅಂದಾಜಿಸುವ ಕಾಂಪಾಸ್ ಎಂಬ ತಂತ್ರಾಂಶ ಅಮೆರಿಕದ ಕೆಲವು ನ್ಯಾಯಾಲಯಗಳಲ್ಲಿ ಬಳಕೆಯಲ್ಲಿತ್ತು. 2016ರಲ್ಲಿ ಪ್ರೊಪಬ್ಲಿಕಾ ಸುದ್ದಿಸಂಸ್ಥೆ ಫ್ಲೋರಿಡಾದ ಒಂದು ಜಿಲ್ಲೆಯ ದಾಖಲೆ ಪರಿಶೀಲಿಸಿತು. ಮುಂದೆ ಅಪರಾಧ ಮಾಡದೆ ಇದ್ದವರಲ್ಲಿ ಕೂಡ ಕರಿಯರಲ್ಲಿ ಶೇ. 44.9 ಮಂದಿಗೆ ಹೆಚ್ಚು ಅಪಾಯದವರೆಂಬ ಹಣೆಪಟ್ಟಿ ಬಿದ್ದಿತ್ತು, ಬಿಳಿಯರಲ್ಲಿ ಶೇ. 23.5. ತಯಾರಿಸಿದ ಕಂಪನಿ ಬೇರೆ ಲೆಕ್ಕ ತೋರಿಸಿತು: ಹೆಚ್ಚು ಅಪಾಯ ಎಂದವರಲ್ಲಿ ನಿಜವಾಗಿ ಅಪರಾಧ ಮಾಡಿದವರ ಪ್ರಮಾಣ ಎರಡೂ ಬಣ್ಣದವರಲ್ಲಿ ಹೆಚ್ಚುಕಡಿಮೆ ಒಂದೇ, ಪಕ್ಷಪಾತ ಎಲ್ಲಿದೆ? ಗಣಿತಜ್ಞರು ಕೂತು ನೋಡಿದಾಗ, ಎರಡು ಗುಂಪುಗಳಲ್ಲಿ ಮೂಲ ಪ್ರಮಾಣ ಬೇರೆಬೇರೆ ಇದ್ದರೆ ಈ ಎರಡು ಬಗೆಯ ನ್ಯಾಯ ಒಟ್ಟಿಗೆ ಸಿಗುವುದು ಸಾಧ್ಯವೇ ಇಲ್ಲ ಎಂದು ಸಾಬೀತಾಯಿತು. ಒಂದನ್ನು ಆರಿಸಿಕೊಳ್ಳಬೇಕು. ಯಾವುದನ್ನು? ಗಣಿತ ಅಲ್ಲಿಗೆ ಕೈಚೆಲ್ಲುತ್ತದೆ. ಸಮಾನತೆ ಎಂದರೇನು, ನಿರಪರಾಧಿಗೆ ಆಗುವ ನೋವು ಹೆಚ್ಚೋ ಸಮಾಜಕ್ಕಿರುವ ಅಪಾಯ ಹೆಚ್ಚೋ ಎಂಬುದನ್ನು ಯಾರಾದರೂ ಬಾಯಿಬಿಟ್ಟು ವಾದಿಸಿ ನಿರ್ಧರಿಸಬೇಕು. ನಾವು ನಿರ್ಧರಿಸದಿದ್ದರೆ ಪ್ರೋಗ್ರಾಮ್ ಬರೆಯುವ ಹುಡುಗ ಮಧ್ಯಾಹ್ನದ ಊಟಕ್ಕೆ ಮುಂಚೆ ನಿರ್ಧರಿಸಿರುತ್ತಾನೆ, ತಾನು ನಿರ್ಧರಿಸಿದೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ.

ತತ್ತ್ವಶಾಸ್ತ್ರದಿಂದ ಹೊಟ್ಟೆ ತುಂಬುವುದಿಲ್ಲ ಎನ್ನುವವರಿಗೆ ಚರಿತ್ರೆಯ ಒಂದು ತುಣುಕನ್ನಾದರೂ ಹೇಳಬೇಕು. ಈ ಯಂತ್ರಗಳು ಹುಟ್ಟಿದ ಹೊಲವೇ ಅದು. ಆಲೋಚನೆಯ ನಿಯಮಗಳನ್ನು ಬೀಜಗಣಿತವಾಗಿ ಬರೆದ ಜಾರ್ಜ್ ಬೂಲ್‌ನ ಪುಸ್ತಕ 1854ರದು, ತರ್ಕಕ್ಕೆ ಹೊಸ ಲಿಪಿಯನ್ನೇ ಕಟ್ಟಿದ ಫ್ರೇಗೆಯದು 1879ರದು. ಯಾವ ಕಾರ್ಖಾನೆಯೂ ಅವರಿಗೆ ಅದನ್ನು ಬರೆಯಲು ಹೇಳಿರಲಿಲ್ಲ. ಯಂತ್ರಗಳು ಆಲೋಚಿಸಬಲ್ಲವೇ ಎಂದು ಅಲನ್ ಟ್ಯೂರಿಂಗ್ 1950ರಲ್ಲಿ ಬರೆದ ಪ್ರಸಿದ್ಧ ಲೇಖನ ಅಚ್ಚಾದದ್ದು 'ಮೈಂಡ್' ಎಂಬ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ. ಹಾಗೆಂದು ದಾರ್ಶನಿಕರೆಲ್ಲ ಭವಿಷ್ಯ ಬಲ್ಲವರಲ್ಲ. ಕಂಪ್ಯೂಟರುಗಳ ಚದುರಂಗದಾಟವನ್ನು ಹೀಗಳೆದಿದ್ದ ಹ್ಯೂಬರ್ಟ್ ಡ್ರೈಫಸ್ 1967ರಲ್ಲಿ ಅಂಥದೇ ಒಂದು ಪ್ರೋಗ್ರಾಮಿನ ಎದುರು ಕೂತು ಸೋತರು. ಅರ್ಥ ತಿಳಿಯದೆಯೂ ಚೀನೀ ಲಿಪಿಯಲ್ಲಿ ಸರಿಯುತ್ತರ ಬರೆದು ಹೊರಗೆ ಕಳಿಸುವ ಕೋಣೆಯ ಕಲ್ಪನೆಯನ್ನು ಜಾನ್ ಸರ್ಲ್ 1980ರಲ್ಲಿ ಕಟ್ಟಿದರು; ಆ ಕೋಣೆಯ ಮೇಲಿನ ಜಗಳ ಇನ್ನೂ ಮುಗಿದಿಲ್ಲ.

ಮುಗಿಯದ ಜಗಳಗಳನ್ನು ಕಲಿತು ಏನು ಮಾಡುವುದು ಎಂದು ನೀವು ಕೇಳಬಹುದು. ಜಗಳವಾಡುವ ರೀತಿಯೇ ಕಲಿಯಬೇಕಾದದ್ದು ಎನ್ನುತ್ತೇನೆ. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಮೊದಲ ದಿನಗಳಲ್ಲಿ, ಸರ್ವದರ್ಶನಸಂಗ್ರಹ ರಚನೆಯಾಯಿತು. ಅದ್ವೈತಿಯೊಬ್ಬರು ಬರೆದ ಆ ಗ್ರಂಥ ಶುರುವಾಗುವುದು ದೇವರನ್ನೂ ಪರಲೋಕವನ್ನೂ ಒಪ್ಪದ ಚಾರ್ವಾಕರಿಂದ. ಎದುರಾಳಿಯ ವಾದವನ್ನು, ಅವನೇ ಬಂದು ಹೇಳಿದರೂ ಇಷ್ಟು ಚೆನ್ನಾಗಿ ಹೇಳಲಾರ ಎನ್ನುವಂತೆ ಮಂಡಿಸಿ, ಆಮೇಲೆ ಖಂಡಿಸುವುದು ನಮ್ಮ ಶಾಸ್ತ್ರಗಳ ಮರ್ಯಾದೆ. ಅದೇ ಪೂರ್ವಪಕ್ಷ. ಚಾರ್ವಾಕರ ಗ್ರಂಥಗಳು ಹೆಚ್ಚುಕಡಿಮೆ ನಾಶವಾಗಿ ಹೋದರೂ ಅವರ ಮಾತು ಇಂದು ನಮಗೆ ತಿಳಿದಿರುವುದು ಬಹುಪಾಲು ವಿರೋಧಿಗಳ ಈ ಪ್ರಾಮಾಣಿಕತೆಯಿಂದ.

ಯಂತ್ರದ ಸ್ವಭಾವ ಇದಕ್ಕೆ ವಿರುದ್ಧ. ಜನ ಮೆಚ್ಚುವ ಉತ್ತರಕ್ಕೆ ಅಂಕ ಕೊಟ್ಟು ಕೊಟ್ಟು ತಿದ್ದಿದ ಕಾರಣ ಅದಕ್ಕೆ ತಲೆಯಾಡಿಸುವ ಚಾಳಿ ಬೀಳುತ್ತದೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿ ಬಳಸುವವರನ್ನು ಎಷ್ಟು ಹೊಗಳತೊಡಗಿತೆಂದರೆ, ಓಪನ್‌ಎಐ ಕಂಪನಿಯೇ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ರಾಜರಿಗೆ ಭಟ್ಟಂಗಿಗಳಿದ್ದರು, ಈಗ ತಿಂಗಳಿಗೆ ಇಷ್ಟು ರೂಪಾಯಿಗೆ ಎಲ್ಲರಿಗೂ ಒಬ್ಬೊಬ್ಬ ಭಟ್ಟಂಗಿ ಸಿಕ್ಕಿದ್ದಾನೆ. ಹುಡುಗರಿಗೆ ನಾನು ಹೇಳುವುದಿಷ್ಟು. ಯಂತ್ರವನ್ನು ಬಳಸುವುದಾದರೆ ನಿಮ್ಮ ಅಭಿಪ್ರಾಯಕ್ಕೆ ಸಮರ್ಥನೆ ಕೇಳಬೇಡಿ, ಅದರ ವಿರುದ್ಧ ಪಕ್ಷವನ್ನು ಗಟ್ಟಿಯಾಗಿ ಮಂಡಿಸು ಎನ್ನಿ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಮಂಡಿಸಿದ್ದು ಗಟ್ಟಿಯೋ ಜೊಳ್ಳೋ ಎಂದು ತೂಗುವುದಕ್ಕೆ ನಿಮಗೆ ಮೊದಲೇ ತರ್ಕ ಬಂದಿರಬೇಕು.

ಯಂತ್ರವೇ ತತ್ತ್ವಶಾಸ್ತ್ರದ ಪ್ರಬಂಧ ಬರೆಯುವಾಗ ವಿದ್ಯಾರ್ಥಿ ಏಕೆ ಬರೆಯಬೇಕು ಎಂಬ ಮಾತೂ ಕೇಳಿಬರುತ್ತದೆ. ಪ್ರಬಂಧವೇ ಗುರಿಯಾಗಿದ್ದರೆ ಬರೆಯಬೇಕಾಗಿಲ್ಲ. ಎಸ್. ಎಲ್. ಭೈರಪ್ಪನವರು ತತ್ತ್ವಶಾಸ್ತ್ರಕ್ಕೆ ಬಂದದ್ದು, ಬಾಲ್ಯದಲ್ಲಿ ಮನೆಯವರ ಸಾವುಗಳನ್ನು ಕಂಡು, ಸಾವು ಎಂದರೇನು ಎಂಬ ಪ್ರಶ್ನೆಯನ್ನು ಬಿಡಲಾರದೆ. ಆ ಪ್ರಶ್ನೆಗೆ ಯಾರೋ ಬರೆದುಕೊಟ್ಟ ಉತ್ತರದಿಂದ ಅವರಿಗೆ ಏನೂ ಪ್ರಯೋಜನವಾಗುತ್ತಿರಲಿಲ್ಲ. ಕೆಲವು ಪ್ರಶ್ನೆಗಳಲ್ಲಿ ಉತ್ತರ ತಾನೇ ತಲುಪಿದ್ದಾಗಬೇಕು, ಇಲ್ಲದಿದ್ದರೆ ಅದು ಉತ್ತರವೇ ಅಲ್ಲ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, 1909ರಲ್ಲಿ ಅವರು ಅಚ್ಚುಹಾಕಿಸಿದ ಅರ್ಥಶಾಸ್ತ್ರದಲ್ಲಿ ಕೌಟಿಲ್ಯ ನಾಲ್ಕು ವಿದ್ಯೆಗಳನ್ನು ಎಣಿಸುತ್ತಾನೆ. ಮೊದಲನೆಯದು ಆನ್ವೀಕ್ಷಿಕೀ, ಅಂದರೆ ಕಾರಣ ಹುಡುಕಿ ಪರೀಕ್ಷಿಸುವ ವಿದ್ಯೆ. ವೇದ, ಕೃಷಿ ವಾಣಿಜ್ಯ, ದಂಡನೀತಿ ಅದರ ನಂತರ. ತೆರಿಗೆಯ ಲೆಕ್ಕವನ್ನೂ ಗೂಢಚಾರರ ವೇಷವನ್ನೂ ಬಿಡದೆ ಬರೆದ ಮನುಷ್ಯ ಅವನು, ಕನಸುಗಾರನಲ್ಲ. ರಾಜ್ಯ ಆಳುವವನಿಗೆ ಮೊದಲು ಬೇಕಾದದ್ದು ಇದು ಎಂದು ಅವನಿಗೆ ತೋರಿತು. ಪ್ರಜಾಪ್ರಭುತ್ವದಲ್ಲಿ ಆಳುವವರು ನಾವೇ ಆದ್ದರಿಂದ ಆ ಪಾಠ ನಮಗೂ ಬೇಕು.

ನಮ್ಮ ಪದವಿ ಕಾಲೇಜುಗಳಲ್ಲಿ ತತ್ತ್ವಶಾಸ್ತ್ರ ಈಗ ಸಿಗುವುದೇ ಅಪರೂಪ. ಆದರೂ ಕರ್ನಾಟಕದ ಪಿಯುಸಿ ಕಲಾವಿಭಾಗದ ವಿಷಯಪಟ್ಟಿಯಲ್ಲಿ ತರ್ಕಶಾಸ್ತ್ರ ಎಂಬ ಐಚ್ಛಿಕ ವಿಷಯ ಇಂದಿಗೂ ಉಳಿದಿದೆ. ಕಲಿಸುವವರಿಲ್ಲ ಎಂದು ಕಾಲೇಜುಗಳು ಕೈಬಿಡುತ್ತವೆ, ಕೇಳುವವರಿಲ್ಲ ಎಂದು ಕಲಿಸುವವರನ್ನು ನೇಮಿಸುವುದಿಲ್ಲ. ಈ ಸುತ್ತನ್ನು ಮುರಿಯುವುದು ಕೇಳುವವರಿಂದಲೇ ಆಗಬೇಕು. ನಿಮ್ಮ ಮನೆಯ ಮಗುವನ್ನು ಪಿಯುಸಿಗೆ ಸೇರಿಸಲು ಹೋದಾಗ, ವಿಜ್ಞಾನಕ್ಕೋ ವಾಣಿಜ್ಯಕ್ಕೋ ಸೇರಿಸುವವರೂ ಕೂಡ, ನಿಮ್ಮಲ್ಲಿ ತರ್ಕಶಾಸ್ತ್ರ ಇದೆಯೇ ಎಂದು ಪ್ರಾಂಶುಪಾಲರನ್ನು ಒಂದು ಮಾತು ಕೇಳಿ. ಇಲ್ಲವೆಂದರೆ, ಏಕಿಲ್ಲ ಎಂದೂ ಕೇಳಿ.